ಎಳ್ಳ ಅಮಾವಾಸ್ಯೆಯ ದಿನ ಶ್ರೀರಂಗಪಟ್ಟಣಕ್ಕೆ

ನಮ್ಮ ಮನೆತನದಲ್ಲಿ ಯಾರೂ ಸುಮ್ಮನೆ ಪರವೂರಿಗೆ ಹೋದವರಲ್ಲ. ಮದುವೆಗೆ ಹೋಗಿದ್ದಾರೆ, ಮಣ್ಣಿಗೆ ಹೋಗಿದ್ದಾರೆ, ಹೆಣ್ಣು ನೋಡಲು, ಹಲ್ಲು ಕೀಳಿಸಲು, ವರ್ಗಾವಣೆ ರದ್ದು ಮಾಡಿಸಲು ಹೋಗಿದ್ದಾರೆ. ಒಂದು ಊರು ಹೇಗಿದೆಯೆಂದು ನೋಡುವುದಕ್ಕಾಗಿಯೇ ಹೋಗುವುದು ನಮ್ಮಲ್ಲಿ ತುಸು ನಡತೆಗೆಟ್ಟ ಕೆಲಸ. ಹೀಗಾಗಿ ಹೋದ ವರ್ಷ ಗಣಪತಿ ಕಳಿಸಿದ ಮರುವಾರ ಭಾಲ್ಕಿಯಿಂದ ಅಕ್ಕ ಫೋನ್ ಮಾಡಿ, "ತಮ್ಮಾ, ನನಗ ಶ್ರೀರಂಗಪಟ್ಟಣ ನೋಡಬೇಕಾಗ್ಯಾದ," ಎಂದಾಗ ನಾನು ಮೊದಲು ಕೇಳಿದ್ದು, "ಯಾರಿಗೇನಾಗ್ಯಾದ ಅಲ್ಲಿ?"

"ಯಾರಿಗೇನೂ ಆಗಿಲ್ಲ. ಆಗಬೇಕಾದ್ದೆಲ್ಲ ಎರಡ ನೂರು ವರ್ಷದ ಹಿಂದೇ ಆಗಿಹೋಗ್ಯಾದ. ಆ ಹೊಳಿ, ಆ ಗೋಡಿ ನೋಡಿ ಬರೋದು, ಅಷ್ಟೇ."

ಅಕ್ಕನಿಗೆ ಅರವತ್ತೆಂಟು; ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಇಷ್ಟು ವರ್ಷಗಳಲ್ಲಿ ಆಕೆ ನನ್ನಿಂದ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ವಸ್ತು, ನಾನು ಆರನೇ ಇಯತ್ತೆಯಲ್ಲಿ ಕದ್ದ ಅವಳ ಪೆನ್ನು. ಅಂಥವಳು ಊರು ತೋರಿಸು ಎಂದರೆ ಸಂಗತಿ ಹಗುರಾಗಿರಲಿಕ್ಕಿಲ್ಲ. ಭಾನುವಾರ ಬೆಳಗಿನ ರೈಲಿಗೆ ಆಕೆ ಬೀದರಕ್ಕೆ ಬಂದಳು. ಮೈಲೂರು ಬಡಾವಣೆಯ ನಮ್ಮ ಮನೆಯಲ್ಲಿ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ನನ್ನ ಹೆಂಡತಿಯನ್ನೂ ಒಳಗಿನಿಂದ ಕರೆಸಿ ಕೂರಿಸಿಕೊಂಡು, ತಪ್ಪೊಪ್ಪಿಗೆಗೆ ತೊಡಗಿದಳು.

ಅಕ್ಕ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಔರಾದ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಇತಿಹಾಸ ಕಲಿಸಿದವಳು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಮಕ್ಕಳು ಅಕ್ಕೋರು ಎನ್ನುತ್ತಾರೆ. ಆಕೆ ಆ ಊರಿಗೆಲ್ಲ ಅಕ್ಕೋರು. ಸುಲ್ತಾನನ ಕೊನೆಯ ಯುದ್ಧದ ಪಾಠ ಬಂತೆಂದರೆ ಪುಸ್ತಕ ಮುಚ್ಚಿಟ್ಟು, ಹಲಗೆಯ ಮೇಲೆ ಒಂದೇ ಎಳೆತಕ್ಕೆ ಕಾವೇರಿಯನ್ನು ಬರೆಯುತ್ತಿದ್ದಳು. ಹೊಳೆ ಎರಡಾಗಿ ಒಡೆದು, ಊರನ್ನು ನಡುವೆ ಇಟ್ಟುಕೊಂಡು, ಆಚೆ ಹೋಗಿ ಮತ್ತೆ ಒಂದಾಗುವುದು. ನಡುವೆ ಕೋಟೆ. ಕೋಟೆಯ ವಾಯವ್ಯ ಮೂಲೆಯಲ್ಲಿ ತೋಪಿನ ಗುಂಡಿಗೆ ಗೋಡೆ ಬಾಯಿಬಿಟ್ಟ ಜಾಗ. ಬೇಸಿಗೆಯ ದಿನ, ಹೊಳೆಯಲ್ಲಿ ನೀರು ಕಡಿಮೆ, ಸುಡುವ ಮಧ್ಯಾಹ್ನದ ಹೊತ್ತು, ಶತ್ರು ನೀರಿಗಿಳಿದ ಎನ್ನುವಲ್ಲಿಗೆ ಆಕೆ ಒಂದು ಕ್ಷಣ ಸುಮ್ಮನಾಗುತ್ತಿದ್ದಳಂತೆ. ಆ ಸುಮ್ಮನಾಗುವಿಕೆಯಲ್ಲೇ ಅರ್ಧ ಪಾಠ.

ಒಂದು ವರ್ಷ ಆ ಜಾಗದಲ್ಲಿ ಯಾವುದೋ ಮಗು ಎದ್ದು ನಿಂತು, ಅಕ್ಕೋರ, ನೀವ ಕಣ್ಣಾರೆ ನೋಡೀರೇನ್ರಿ ಆ ಊರ, ಎಂದು ಕೇಳಿತು.

"ನೋಡೀನಿ ಅಂದ್ಬಿಟ್ಟೆ," ಎಂದಳು ಅಕ್ಕ.

"ಯಾಕಂದಿ?"

"ಹೊರಗ ಮಳಿ ಹೊಡೀತಿತ್ತು. ಲೈಟ್ ಹೋಗಿತ್ತು. ಐವತ್ತು ಹುಡುಗ್ರು ಉಸಿರು ಬಿಡಲಾರ್ದ ಕೂತಿದ್ವು. ಅಂಥಾ ಹೊತ್ತಿನ್ಯಾಗ ಇಲ್ಲ ಅಂತ ಹ್ಯಾಂಗ ಅನ್ಲಿ?"

ನೋಡಿದ್ದೇನೆ ಎಂದವಳು ಏನು ನೋಡಿದಿರಿ ಎಂಬುದಕ್ಕೂ ಉತ್ತರ ಕೊಡಬೇಕಲ್ಲ. ಗೋಡೆ ಒಡೆದ ಜಾಗದಲ್ಲಿ ಕಲ್ಲಿನ ಮೇಲೆ ಕೈ ಇಟ್ಟೆ, ಆ ಕಲ್ಲು ಇನ್ನೂ ಬೆಚ್ಚಗಿತ್ತು ಎಂದುಬಿಟ್ಟಳು.

"ಎರಡ ನೂರು ವರ್ಷ ಆದ ಮ್ಯಾಗ?" ಎಂದಳು ನನ್ನ ಹೆಂಡತಿ.

"ಹುಡುಗ್ರು ಹಂಗ ಕೇಳ್ಲಿಲ್ಲವಾ. ನೀ ಕೇಳ್ತಿ ನೋಡು."

ಆ ಸುಳ್ಳು ಒಂದು ವರ್ಷಕ್ಕೆ ಸಾಯಲಿಲ್ಲ. ಎಂಟನೆಯ ತರಗತಿಯವರು ಏಳನೆಯವರಿಗೆ ಹೇಳಿದರು. ಮರುವರ್ಷದ ಮಕ್ಕಳು ಪಾಠಕ್ಕೆ ಮೊದಲೇ, ಅಕ್ಕೋರ, ಬೆಚ್ಚನ ಕಲ್ಲು ಇವತ್ತ ಬರ್ತದೇನ್ರಿ, ಎಂದು ಕೇಳತೊಡಗಿದರು. ಹೀಗೆ ಆಕೆ ನಿವೃತ್ತಳಾಗುವವರೆಗೆ ನಡೆಯಿತು. ನಿವೃತ್ತಿಯ ಜೊತೆಗೆ ಅದೂ ನಿವೃತ್ತಿಯಾಯಿತು ಎಂದುಕೊಂಡಿದ್ದಳು ಪಾಪ. ಆದರೆ ಈಗ ಗುರುವಂದನೆ ಎಂಬುದೊಂದು ಬಂದಿದೆ. ಹಳೆಯ ವಿದ್ಯಾರ್ಥಿಗಳು ಸೇರಿ, ಸಭಾಭವನ ಹಿಡಿದು, ಒಮ್ಮೆ ತಮ್ಮ ಕಿವಿ ಹಿಂಡಿದವರನ್ನೆಲ್ಲ ವೇದಿಕೆಯ ಮೇಲೆ ಸಾಲಾಗಿ ಕೂರಿಸಿ ಶಾಲು ಹೊದಿಸುತ್ತಾರೆ. ಅಕ್ಕನ ಶಾಲೆಯವರು ಡಿಸೆಂಬರ್ ಕೊನೆಯ ಭಾನುವಾರ ಇಟ್ಟುಕೊಂಡಿದ್ದರು. ಅದರ ಮುಂದಾಳು ಔರಾದಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಒಬ್ಬ ಹಳೆಯ ಶಿಷ್ಯ. ಅವನು ಫೋನಿನಲ್ಲಿ, "ಅಕ್ಕೋರ, ಆವತ್ತ ಬೆಚ್ಚನ ಕಲ್ಲಿನ ಪಾಠ ಮತ್ತೊಮ್ಮೆ ಆಗಬೇಕ್ರಿ. ಕಾರ್ಡಿನ್ಯಾಗೂ ಹಾಕಸೀವಿ, ರಣರಂಗ ಕಣ್ಣಾರೆ ಕಂಡು ಬಂದು ಕಲಿಸಿದ ಗುರುಮಾತೆ ಅಂತ," ಎಂದಿದ್ದ.

"ಹುಡುಗ್ರ ಮುಂದ ಆಡಿದ ಮಾತು ಬ್ಯಾರೆ," ಎಂದಳು ಅಕ್ಕ. "ಈಗ ಅವರ ಹೆಂಡ್ರು ಮಕ್ಕಳೂ ಬರ್ತಾರ. ಶಾಲು ಹೊದ್ದು ನಿಂತು ಸುಳ್ಳು ಹೇಳೋದು ನನ್ನ ಕೈಲಿ ಆಗಂಗಿಲ್ಲ. ಅದಕ್ಕೂ ಮದಲ ಒಂದ ಸಲ ಹೋಗಿ ಆ ಗೋಡಿ ಮುಟ್ಟಿ ಬಂದ್ರ, ಹೇಳಿದ್ದು ಖರೇ ಆಗ್ತದ."

ಇದನ್ನು ಕಚೇರಿಯ ಭಾಷೆಯಲ್ಲಿ ಘಟನೋತ್ತರ ಮಂಜೂರಾತಿ ಎನ್ನುತ್ತಾರೆ. ಕೆಲಸ ಮೊದಲು, ಅನುಮತಿ ಆಮೇಲೆ. ಮೂವತ್ತಾರು ವರ್ಷ ಕಡತಗಳ ನಡುವೆ ಬಾಳಿದ ನನಗೆ ಇದರಲ್ಲಿ ಅಕ್ರಮವೇನೂ ಕಾಣಲಿಲ್ಲ. ಆ ಸಂಜೆಯೇ ಒಂದು ಹೊಸ ಫೈಲು ತೆಗೆದು, ಮೇಲೆ "ಶ್ರೀರಂಗಪಟ್ಟಣ: ಮೂರು ದಿನಗಳ ಪ್ರವಾಸದ ಬಗ್ಗೆ" ಎಂದು ಬರೆದು ದಾರ ಕಟ್ಟಿದೆ. ಒಳಗೆ ಹಾಕಲು ಕಾಗದ ಇನ್ನೂ ಇರಲಿಲ್ಲ. ದಾರ ಕಟ್ಟಿದ ಮೇಲೆ ಕಾಗದ ತಾನಾಗಿ ಹುಟ್ಟುತ್ತದೆ ಎಂಬುದು ನನ್ನ ಅನುಭವ.

ದಸರೆಯ ಮರುದಿನ ನಮ್ಮ ಮನೆಯಲ್ಲಿ ಮೊದಲ ಸಭೆ. ಅಕ್ಕನ ಜೊತೆ ಅವಳ ಗಂಡನೂ ಬಂದಿದ್ದರು. ಅವರನ್ನು ನಾನು ಮಾಮಾ ಎನ್ನುತ್ತೇನೆ; ಅವರು ನನ್ನನ್ನು ಸಾಹೇಬ್ರು ಎನ್ನುತ್ತಾರೆ, ಗೌರವದಿಂದ ಅಲ್ಲ. ಮನೆ ಭಾಲ್ಕಿಯಲ್ಲಿದ್ದರೂ ಮಾಮಾನ ಹೊಲ ಇರುವುದು ಔರಾದಿನ ಹತ್ತಿರ, ಜೀವ ಇರುವುದೂ ಅಲ್ಲೇ. ದಿನ ಬಿಟ್ಟು ದಿನ ಬಸ್ಸು ಹಿಡಿದು ಹೋಗಿ ಜೋಳವನ್ನು ಮಾತಾಡಿಸಿ ಬರುತ್ತಾರೆ.

"ನಮ್ಮ ಬೀದರ ಕಿಲ್ಲಾಕ್ಕೇನಾಗ್ಯಾದ?" ಎಂದು ಅವರು ಆರಂಭಿಸಿದರು. "ಗಟ್ಟಿ ನಿಂತಾದ. ನಿಂತ ಕಿಲ್ಲಾ ಬಿಟ್ಟು ಒಡೆದ ಕಿಲ್ಲಾ ನೋಡ್ಲಕ್ಕ ಒಂದು ರಾತ್ರಿ ಒಂದು ಹಗಲು ರೈಲಿನ್ಯಾಗ ಕೂಡಬೇಕಾ?"

"ಇಲ್ಲಿ ಹೊಳಿ ಇಲ್ಲರಿ," ಎಂದಳು ಅಕ್ಕ.

"ಹೊಳಿ ಬೇಕಂದ್ರ ಮಾಂಜ್ರಾ ಅದ. ಕಿಲ್ಲಾ ಬೀದರದಾಗ ನೋಡು, ಹೊಳಿ ಮಾಂಜ್ರಾದಾಗ ನೋಡು, ಕಣ್ಣ ಮುಚ್ಚಿ ಎರಡೂ ಕೂಡಿಸ್ಕೊ."

"ಮೂವತ್ತು ವರ್ಷ ಅದನ್ನೇ ಮಾಡೀನ್ರಿ."

ಮಾಮಾ ಒಂದು ಹೋಳು ಸುಪಾರಿ ಬಾಯಿಗೆ ಹಾಕಿಕೊಂಡರು. ಅಗಿಯುತ್ತಿರುವಾಗ ಅವರಿಗೆ ಇನ್ನೊಂದು ತೊಡಕು ಹೊಳೆಯಿತು. ಆ ಯುದ್ಧದಲ್ಲಿ ನಮ್ಮ ನಿಜಾಮನ ಫೌಜು ಇಂಗ್ಲಿಷರ ಜೊತೆ ಸೇರಿ ಸುಲ್ತಾನನ ಮೇಲೆ ಹೋಗಿತ್ತು ಎಂದು ಅಕ್ಕನೇ ಒಮ್ಮೆ ಅವರಿಗೆ ಕಲಿಸಿದ್ದಳು.

"ಅಂದ್ರ ನಮ್ಮ ಕಡಿಯವರು ಆ ಊರಿಗಿ ಹಿಂದ ಒಮ್ಮಿ ಹೋಗ್ಯಾರ. ಕರೀಲಾರ್ದ ಹೋಗ್ಯಾರ, ತೋಪು ತಗೊಂಡು ಹೋಗ್ಯಾರ. ಈಗ ಯಾವ ಮಾರಿ ಇಟ್ಟಕೊಂಡು ಹೋಗೋದು, ಸಾಹೇಬ್ರ?"

"ಈ ಸಲ ಬುತ್ತಿ ತಗೊಂಡು ಹೋಗೋಣ್ರಿ," ಎಂದಳು ನನ್ನ ಹೆಂಡತಿ. "ಅವರಿಗೂ ಎರಡು ರೊಟ್ಟಿ ಕೊಟ್ಟು ಬರೋಣ. ಸರಿಹೋಗ್ತದ."

ಎರಡು ಶತಮಾನದ ಹಗೆತನ ಹೀಗೆ ಒಂದು ನಿಮಿಷದಲ್ಲಿ ಇತ್ಯರ್ಥವಾಯಿತು. ಆಮೇಲೆ ಸಭೆ ಬುತ್ತಿಯತ್ತ ತಿರುಗಿತು, ಮತ್ತೆ ಈ ಕಡೆ ತಿರುಗಲೇ ಇಲ್ಲ. ಮೂರು ದಿನಕ್ಕೆ ಖಡಕ್ ರೊಟ್ಟಿ ಎಷ್ಟು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಒಂದು ಡಬ್ಬಿಯೋ ಎರಡೋ, ಮೈಸೂರಿನ ಕಡೆ ಸಾರಿಗೆ ಬೆಲ್ಲ ಹಾಕುತ್ತಾರಂತಲ್ಲ, ಅದು ಎಲ್ಲರ ಮನೆಯಲ್ಲೋ ಹೋಟೆಲಿನಲ್ಲಿ ಮಾತ್ರವೋ, ಒಂದು ವೇಳೆ ರೈಲು ತಡವಾದರೆ ಚುಡುವಾ ಸಾಕಾಗುವುದೇ. ನಾನು ನಡಾವಳಿ ಬರೆಯುತ್ತ ಕೂತೆ. ಎರಡು ತಾಸಿನ ಸಭೆಯಲ್ಲಿ ಊರಿನ ಹೆಸರು ನಾಲ್ಕು ಸಲ ಬಂದಿತ್ತು, ಹಿಂಡಿಯ ಹೆಸರು ಲೆಕ್ಕ ತಪ್ಪಿತ್ತು. ಹೇಳಬೇಕೆಂದರೆ ಅಷ್ಟು ಸುಖದ ಸಭೆಯಲ್ಲಿ ನಾನು ಹಿಂದೆಂದೂ ಕೂತಿರಲಿಲ್ಲ. ಅಕ್ಕ ನಡುನಡುವೆ ಎದ್ದು ಹೋಗಿ ಗೋಡೆಯ ಮೇಲಿನ ನಕ್ಷೆಯಲ್ಲಿ ಆ ಊರನ್ನು ಬೆರಳಿನಿಂದ ಮುಟ್ಟಿ ಬರುತ್ತಿದ್ದಳು.

ಟಿಕೆಟಿನ ಹೊಣೆ ನನ್ನದು. ನಮ್ಮ ಬೀದರದಿಂದ ಸಂಜೆ ಬೆಂಗಳೂರಿಗೆ ಹೊರಡುವ ರೈಲಿಗೆ ಜಾಗ ಸಿಗುವುದೆಂದರೆ ಎಷ್ಟು ಕಷ್ಟ ಎಂಬುದು ಈ ಜಿಲ್ಲೆಯವರಿಗೆ ಗೊತ್ತು. ಮುಂಗಡ ಕಾಯ್ದಿರಿಸುವ ಬಾಗಿಲು ತೆರೆದ ದಿನದಿಂದ ನಾನು ಫೋನು ಹಿಡಿದು ಕೂತೆ. ಡಿಸೆಂಬರಿನ ಯಾವ ದಿನ ಒತ್ತಿದರೂ ಕಾಯುವವರ ಪಟ್ಟಿ. ಸೋಮವಾರ ಪಟ್ಟಿ, ಬುಧವಾರ ಪಟ್ಟಿ. ಹೀಗೆ ಒತ್ತುತ್ತ ಹೋಗುವಾಗ ಒಂದು ದಿನ ಮಾತ್ರ ಹಸಿರು ಬಣ್ಣದಲ್ಲಿ ಕಣ್ಣಿಗೆ ಬಿತ್ತು. ಜಾಗ ಧಾರಾಳ. ನಾಲ್ಕು ಜನಕ್ಕೂ ಕೆಳಗಿನ ಮಲಗುವ ಸೀಟು, ಅದೂ ಒಂದೇ ಬೋಗಿಯಲ್ಲಿ. ಗುರುವಂದನೆಗೆ ಇನ್ನೂ ಒಂಬತ್ತು ದಿನ ಬಾಕಿ ಇರುವ ಹೊತ್ತು. ಗೋಡೆಯ ಕ್ಯಾಲೆಂಡರ್ ನೋಡಿದೆ, ಕೆಂಪಕ್ಷರ ಇಲ್ಲ. ಅದು ಸರ್ಕಾರಿ ರಜೆ ಅಲ್ಲ. ಇನ್ನೇನು ಬೇಕು. ಇಡೀ ಜಿಲ್ಲೆಯ ಕಣ್ಣು ತಪ್ಪಿಸಿಕೊಂಡ ಒಂದು ದಿನವನ್ನು ನಾನೊಬ್ಬನೇ ಹಿಡಿದೆ ಎಂಬ ಹೆಮ್ಮೆಯಲ್ಲಿ ಟಿಕೆಟ್ ತೆಗೆದೆ. ಹೋಗಿ ಬರುವ ಎರಡೂ. ಮುದ್ರಿಸಿ ಫೈಲಿಗೆ ಹಾಕಿ, ದೀಪಾವಳಿಗೆ ಎಲ್ಲರೂ ಸೇರಿದಾಗ ದಾರ ಬಿಚ್ಚಿ ಸಭೆಯ ಮುಂದಿಟ್ಟೆ.

ಹೆಂಡತಿ ತಾರೀಖು ಓದಿದಳು. ಅಕ್ಕನ ಕೈಗೆ ಕೊಟ್ಟಳು. ಅಕ್ಕ ಓದಿ ಮಾಮಾನ ಕೈಗೆ ಕೊಟ್ಟಳು. ಮಾಮಾ ಚಷ್ಮಾ ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಸಾಹೇಬ್ರ," ಎಂದರು, "ಆವತ್ತ ಎಳ್ಳಮಾಸಿ."

ಈ ಕಡೆಯವರಲ್ಲದವರಿಗೆ ಇದರ ಗಾಂಭೀರ್ಯ ತಿಳಿಯಲಿಕ್ಕಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಬೀದರ ಜಿಲ್ಲೆಯಲ್ಲಿ ಊರುಗಳು ಖಾಲಿ, ಹೊಲಗಳು ತುಂಬಿರುತ್ತವೆ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಇದ್ದವರ ಹೊಲಕ್ಕೆ. ಜೋಳದ ದಂಟಿನಿಂದ ಗುಡಿಸಲಿನಂಥ ಕೊಪ್ಪೆ ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಎಡೆಯ ಅಡುಗೆಯ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಂಡು, ಕಡಲೆಯ ಹೊಲದಲ್ಲಿ ಬಿದ್ದುಕೊಳ್ಳುವುದು. ರಜೆಯ ಪಟ್ಟಿಯಲ್ಲಿ ಇರಲಿ ಬಿಡಲಿ, ಆ ದಿನ ಯಾರೂ ಯಾವ ಕೆಲಸಕ್ಕೂ ಸಿಗುವುದಿಲ್ಲ. ರೈಲು ಬರುವ ದಾರಿಯ ಲಾತೂರು, ಕಮಲನಗರದ ಕಡೆಗೂ ಇದೇ ಹಬ್ಬ. ಇಡೀ ಗಾಡಿ ಯಾಕೆ ಖಾಲಿ ಇತ್ತು ಎಂಬುದು ಈಗ ನನಗೆ ಅರ್ಥವಾಯಿತು. ಆ ದಿನ ಪ್ರಯಾಣ ಮಾಡುವ ಮನುಷ್ಯ ಇಡೀ ಜಿಲ್ಲೆಯಲ್ಲಿ ಇರಲಿಲ್ಲ, ನಮ್ಮ ನಾಲ್ವರನ್ನು ಬಿಟ್ಟು.

"ಇವರು ಎಳ್ಳಮಾಸಿ ಮರೆತ್ರು ಅಂದ್ರ ನಾಳಿ ನನ್ನ ಹೆಸರೂ ಮರೀತಾರ," ಎಂದಳು ಹೆಂಡತಿ. ನಾನು ನನ್ನ ಪರವಾಗಿ ಕೆಂಪಕ್ಷರದ ವಾದ ಮಂಡಿಸಿದೆ. ಅದಕ್ಕೆ ಯಾರೂ ಸೊಪ್ಪು ಹಾಕಲಿಲ್ಲ.

ಮಾಮಾ ಹಬ್ಬ ಬಿಡುವವರಲ್ಲ. ಚರಗ ಚೆಲ್ಲದೆ ಹೋದರೆ ಜೋಳಕ್ಕೆ ಏನನಿಸೀತು ಎಂಬುದು ಅವರ ಚಿಂತೆ. ಬೇರೆ ತಾರೀಖಿಗೆ ಜಾಗ ಇಲ್ಲ. ಬಸ್ಸಿನಲ್ಲಿ ಕೂತರೆ ಅಕ್ಕನ ಮೊಣಕಾಲು ಬೆಂಗಳೂರಿನವರೆಗೆ ಬರುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಅಕ್ಕ ಟಿಕೆಟ್ಟನ್ನು ನಾಲ್ಕಾಗಿ ಮಡಿಸಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಅದು ನನ್ನ ಫೈಲಿಗೆ ಸೇರಬೇಕಾದ ಕಾಗದ. ಆದರೆ ಅವಳ ಮುಖ ನೋಡಿ ವಾಪಸು ಕೇಳಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ನನ್ನ ಹೆಂಡತಿ. ರೈಲು ಹೊರಡುವುದು ಸಂಜೆ ಆರರ ಸುಮಾರಿಗೆ. ಊಟ ಆಗುವುದು ಮಧ್ಯಾಹ್ನ. ಚೀಲಗಳನ್ನು ನಮ್ಮ ಕಾರಿನಲ್ಲಿ ಇಟ್ಟುಕೊಂಡೇ ಹೊಲಕ್ಕೆ ಹೋಗುವುದು, ಉಂಡು ಎರಡಕ್ಕೆ ಎದ್ದರೆ ನಾಲ್ಕರೊಳಗೆ ಬೀದರ. ನಾನು ಇದನ್ನು ನಿಮಿಷ ನಿಮಿಷದ ಪಟ್ಟಿಯಾಗಿ ಬರೆದು ನಾಲ್ಕು ಪ್ರತಿ ತೆಗೆದು ಎಲ್ಲರಿಗೂ ಕೊಟ್ಟೆ. ಮಾಮಾ ತಮ್ಮ ಪ್ರತಿಯಲ್ಲಿ ಸುಪಾರಿ ಕಟ್ಟಿಕೊಂಡರು.

ಆ ದಿನ ಎಲ್ಲವೂ ಪಟ್ಟಿಯಂತೆ ನಡೆಯಿತು, ಹನ್ನೆರಡು ಗಂಟೆಯವರೆಗೆ. ಮಾಮಾ ಹೆಗಲಿಗೆ ಟವೆಲು ಹಾಕಿಕೊಂಡು ಹೊಲದ ನಾಲ್ಕೂ ಮೂಲೆಗೆ ಕೂಗುತ್ತ ಚರಗ ಚೆಲ್ಲಿ ಬಂದರು. ಒಂದು ಮೂಲೆಗೆ ಎರಡು ಸಲ ಹೋದರು, ಅಲ್ಲಿಯ ಜೋಳ ತುಸು ಸೊರಗಿತ್ತು. ಊಟಕ್ಕೆ ಕೂತವರು ಏಳಲಿಲ್ಲ. ಭಜ್ಜಿ ಎಂಬ ಪದಾರ್ಥದ ಸ್ವಭಾವವೇ ಹಾಗೆ, ಹೊಲದಲ್ಲಿ ಸಿಗುವ ಕಾಳು, ಕಾಯಿ, ಸೊಪ್ಪುಗಳೆಲ್ಲ ಒಂದೇ ಪಾತ್ರೆಯಲ್ಲಿ ಕುದಿದಿರುತ್ತವೆ, ಎಲ್ಲವನ್ನೂ ಗುರುತಿಸಿ ಮುಗಿಸುವಷ್ಟರಲ್ಲಿ ತಾಸು ಹೋಗುತ್ತದೆ. ನಾವು ಕಾರು ಹತ್ತಿದಾಗ ಎರಡೂವರೆ. ಅಕ್ಕ ಮುಂದೆ ನನ್ನ ಪಕ್ಕಕ್ಕೆ ಕೂತಳು, ಪರ್ಸು ತೊಡೆಯ ಮೇಲೆ.

ನನ್ನ ಯೋಜನೆಯಲ್ಲಿ ನಾನು ಒಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊಲದ ಬದಿಯಲ್ಲಿ ಹಾದುಹೋಗುವವರನ್ನು ಉಣಿಸದೆ ಬಿಡುವ ಪದ್ಧತಿ ನಮ್ಮಲ್ಲಿ ಇಲ್ಲ. ಪರಿಚಯ ಬೇಕಿಲ್ಲ, ಹಾದಿಯಲ್ಲಿ ಕಂಡರೆ ಸಾಕು. ಒಲ್ಲೆ ಎಂದರೆ ಆ ಹೊಲಕ್ಕೇ ಒಲ್ಲೆ ಎಂದ ಹಾಗೆ. ಔರಾದಿನಿಂದ ಬೀದರಕ್ಕೆ ಹೋಗುವ ದಾರಿಯ ಎರಡೂ ಕಡೆ ಹೊಲಗಳು, ಹೊಲಕ್ಕೊಂದು ಕುಟುಂಬ, ಎಲ್ಲರ ಕೈಯಲ್ಲೂ ಸೌಟು. ಮೊದಲ ಹೊಲದವರಿಗೆ ಕಾರಿನಿಂದಲೇ ಕೈ ಮುಗಿದೆ. ಎರಡನೆಯವರು ಅಡ್ಡ ನಿಂತು ಕಿಟಕಿಯಿಂದಲೇ ಅಂಬಲಿ ಕೊಟ್ಟರು. ಹಿಂದೆ ಕೂತ ಮಾಮಾ ಗಾಡಿ ನಿಂತಿತಲ್ಲ ಎಂದು ಎರಡು ಲೋಟ ಕುಡಿದರು.

"ಮಾಮಾ, ರೈಲು."

"ರೈಲಿನವರೂ ಉಣ್ಲಕ್ಕ ಹೋಗಿರ್ತಾರ, ಹೊಡೀರಿ ನಿಧಾನ."

ಮೂರನೆಯ ಹೊಲದ ಮುಂದೆ ಒಬ್ಬ ಮನುಷ್ಯ ಟವೆಲು ಬೀಸುತ್ತ ರಸ್ತೆಯ ನಡುವೆಯೇ ಬಂದು ನಿಂತ. ನಲವತ್ತೈದರ ಮೇಲಿನವನು, ದಪ್ಪ ಮೀಸೆ. ಬಗ್ಗಿ ಒಳಗೆ ನೋಡಿದವನೇ ಟವೆಲು ಕಂಕುಳಲ್ಲಿ ಇಟ್ಟುಕೊಂಡು, ಕೈ ಕಟ್ಟಿ ನಿಂತುಬಿಟ್ಟ.

"ಅಕ್ಕೋರ, ನೀವಾ?"

ಗೊಬ್ಬರದ ಅಂಗಡಿಯ ಶಿಷ್ಯ. ಗುರುವಂದನೆಯ ಮುಂದಾಳು. ಇಡೀ ಜಿಲ್ಲೆಯಲ್ಲಿ ಆ ಕ್ಷಣ ನಾವು ನೋಡಬಾರದಿದ್ದ ಒಬ್ಬನೇ ವ್ಯಕ್ತಿ. ಅಕ್ಕನ ಕೈ ಪರ್ಸನ್ನು ಗಟ್ಟಿಯಾಗಿ ಹಿಡಿದದ್ದು ನನಗೆ ಕಂಡಿತು.

ಇಳಿಯದೆ ಗತಿ ಇರಲಿಲ್ಲ. ಬನ್ನಿಯ ಗಿಡದ ಕೆಳಗೆ ಕಂಬಳಿ ಹಾಸಿದ್ದರು. ಅವನ ಹೆಂಡತಿ, ತಾಯಿ, ಇನ್ನೂ ಏಳೆಂಟು ಜನ. ಅವನು ಅಕ್ಕನನ್ನು ಎಲ್ಲರ ನಡುವೆ ಕೂರಿಸಿ, "ಇವರೇ ನೋಡ್ರಿ ನಮ್ಮ ಅಕ್ಕೋರು. ಬೆಚ್ಚನ ಕಲ್ಲಿನ ಅಕ್ಕೋರು," ಎಂದು ಪರಿಚಯಿಸಿದ. ಅಲ್ಲಿದ್ದವರಿಗೆಲ್ಲ ಆ ಕಲ್ಲು ಗೊತ್ತಿತ್ತು. ತ್ವರೆ ಮಾಡಬೇಕೆಂದು ನಾನು, ನಮಗೆ ಸಂಜೆಯ ರೈಲು ಇದೆ ಎಂದೆ. ಎಲ್ಲಿಗೆ ಎಂದು ಅವನು ಕೇಳಿದ. ಮೂವತ್ತಾರು ವರ್ಷ ಕೇಳಿದ ಮಾಹಿತಿಯನ್ನು ಕೇಳಿದವರಿಗೆಲ್ಲ ಒದಗಿಸಿದ ನಾಲಿಗೆ, ತಡೆಯಲಾಗಲಿಲ್ಲ.

"ಶ್ರೀರಂಗಪಟ್ಟಣಕ್ಕ."

"ಮತ್ತೊಮ್ಮೆ ಹೊಂಟೀರೇನ್ರಿ ಅಕ್ಕೋರ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಎರಡು ದಿನದಲ್ಲಿ ಅದು ಹೇಗೂ ನಿಜವಾಗುವುದಿತ್ತು. ನಾನು ಕೆಮ್ಮಿದೆ. ಹೆಂಡತಿ ನನ್ನನ್ನು ನೋಡಿದಳು. ಅಕ್ಕ ತಟ್ಟೆ ಕೆಳಗಿಟ್ಟಳು.

"ಮತ್ತೊಮ್ಮೆ ಅಲ್ಲಪ್ಪಾ. ಮೊದಲ್ನೇ ಸಲ."

ಅವನಿಗೆ ತಿಳಿಯಲಿಲ್ಲ. ಅಕ್ಕ ಪಾಠ ಹೇಳುವ ಧ್ವನಿಯಲ್ಲೇ, ಬಿಡಿಸಿ ಬಿಡಿಸಿ ಹೇಳಿದಳು. "ನಾ ಆ ಊರು ನೋಡಿಲ್ಲ. ಆವತ್ತ ನೋಡೀನಿ ಅಂದಿದ್ದು ಸುಳ್ಳು. ಕಲ್ಲು ಮುಟ್ಟಿದ್ದೂ ಸುಳ್ಳು. ಕಾರ್ಡಿನ್ಯಾಗ ಹಾಕಸೀನಿ ಅಂದ್ಯಲ್ಲಾ, ಅದನ್ನ ತೆಗಸು. ಶಾಲು ಹೊದಸೋದೂ ಬಿಡೋದೂ ನಿನಗ ಬಿಟ್ಟದ್ದು."

ಅವನು ಮೀಸೆಯ ತುದಿಯನ್ನು ಹಲ್ಲಿನಿಂದ ಕಚ್ಚಿಕೊಂಡು ನೆಲ ನೋಡುತ್ತ ನಿಂತ. ನನಗೆ ಆಗ ರೈಲು ಪೂರ್ತಿ ಮರೆತುಹೋಗಿತ್ತು ಎಂದು ಸತ್ಯವಾಗಿ ದಾಖಲಿಸುತ್ತೇನೆ.

"ಅಂದ್ರ," ಎಂದ ಅವನು, "ನಮ್ಮ ಸಾಲಿಯಿಂದ ಅಲ್ಲಿಗಿ ಮದಲ ಹೋದವ ನಾನೇ ಆದಂಗಾಯ್ತಲ್ರಿ?"

"ನೀ ಹೋಗಿದ್ದಿ?"

"ಮದಿವಿ ಆದ ವರ್ಷ ಹೋಗಿದ್ದೆನ್ರಿ. ನಿಮ್ಮ ಕಲ್ಲು ಮುಟ್ಲಕ್ಕೇ ಹೋಗಿದ್ದು. ಬೆಳಿಗ್ಗಿ ಹೋದೆ, ತಣ್ಣಗಿತ್ತು. ನಾ ಹೊತ್ತು ತಪ್ಪಿ ಬಂದೀನಿ, ಅಕ್ಕೋರು ಮಧ್ಯಾಹ್ನ ಅಂದಿದ್ರು ಅಂತ ಮತ್ತ ಮೂರ ಗಂಟಿಗಿ ಹೋದೆ. ಆಗೂ ತಣ್ಣಗೇ ಇತ್ತು. ಬಿಡಬಾರ್ದು ಅಂತ ಕೈ ಇಟಗೊಂಡು ನಿಂತೇ ಇದ್ದೆ. ಭಾಳ ಹೊತ್ತಾದ ಮ್ಯಾಗ ಜರಾ ಬೆಚ್ಚಗಾದಂಗಾಯ್ತ್ರಿ. ನನ್ನ ಕೈದೇ ಇರಬೇಕು."

"ಹೊಸದಾಗಿ ಮದಿವ್ಯಾದಾಗ ಹೆಂಡತಿ ಕೈ ಬಿಟ್ಟು ಕಲ್ಲಿಗಿ ಕೈ ಹಚ್ಚಿ ನಿಂತ ಗಂಡಸನ್ನ ನಾ ಇವರೊಬ್ಬರನ್ನೇ ನೋಡೀನ್ರಿ," ಎಂದಳು ಅವನ ಹೆಂಡತಿ, ಭಜ್ಜಿ ಬಡಿಸುತ್ತ. "ಯಾಕ್ರಿ ಅಂದ್ರ ಅಕ್ಕೋರು ಹೇಳ್ಯಾರ ಅಂತಿದ್ರು. ನಿಮ್ಮನ್ನ ಒಮ್ಮಿ ಸಿಕ್ರ ಬೈಬೇಕು ಅಂತ ಮಾಡಿದ್ದೆ."

"ಬೈಯವ್ವಾ," ಎಂದಳು ಅಕ್ಕ. "ಈಗ ಸಿಕ್ಕೀನಿ."

ಮೊದಲು ನಕ್ಕವಳು ಮುದುಕಿ, ಅವನ ತಾಯಿ. ಆಮೇಲೆ ಅವನು. ಆಮೇಲೆ ಎಲ್ಲರೂ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಅವಳು ಅಷ್ಟು ಮೈಬಿಟ್ಟು ನಕ್ಕದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಕಾರ್ಡಿನ ಮಾತಿಗೆ ಅವನು, "ಕಂಡು ಬಂದು ಅನ್ನೋದಿಷ್ಟು ತೆಗೆದ್ರಾಯ್ತು ತಗೋರಿ, ಕಲಿಸಿದ್ದು ಖರೇ ಅದಲ್ಲ," ಎಂದ. "ಆದ್ರ ಆವತ್ತ ಈ ಮಾತು ಅಲ್ಲೂ ಹೇಳ್ರಿ. ನನ್ನೊಬ್ಬಗೇ ಯಾಕ ಇದರ ಭಾರ."

"ಹೇಳ್ತೇನಿ," ಎಂದಳು ಅಕ್ಕ, "ಮದಲನೇ ಮಾತೇ ಅದು." ಆಮೇಲೆ ಆಕೆಗೆ ತಡೆಯಲಾಗಲಿಲ್ಲ. "ಹೊಳಿ ಹ್ಯಾಂಗದ? ನಾ ಹಲಗಿ ಮ್ಯಾಲ ಬರೀತಿದ್ದೆನಲ್ಲ, ಹಂಗೇ ಅದ?"

ಅವನು ಒಂದು ತೊಗರಿಯ ಕಡ್ಡಿ ಮುರಿದುಕೊಂಡು ಕಪ್ಪು ಮಣ್ಣನ್ನು ಅಂಗೈಯಿಂದ ಸಮ ಮಾಡಿ ಕೂತ. ನಾನು ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು ನಿಮಿಷ. ಈಗಲೇ ಎದ್ದರೆ, ಇನ್ನು ಯಾವ ಹೊಲದವರ ಕಣ್ಣಿಗೂ ಬೀಳದಿದ್ದರೆ, ರೈಲು ಸಿಗುತ್ತಿತ್ತು. ಹಾಗೆಂದು ಅಕ್ಕನ ಕಿವಿಯಲ್ಲಿ ಹೇಳಿದೆ. ಆಕೆ ಪರ್ಸು ತೆಗೆದು, ನಾಲ್ಕಾಗಿ ಮಡಿಸಿದ್ದ ಟಿಕೆಟ್ಟನ್ನು ನನ್ನ ಕೈಗೆ ಕೊಟ್ಟಳು.

"ಅವಸರ ಏನದ ತಮ್ಮಾ? ಬ್ಯಾರೆ ತಾರೀಖು ನೋಡು. ಬ್ಯಾಸಗಿ ಮುಗದ ಮ್ಯಾಗ ನೋಡು. ಹೊಳಿಗಿ ನೀರು ಬಂದಿರ್ತದ."

"ಅಮಾಸಿ ಬಿಟ್ಟು ನೋಡ್ರಿ ಸಾಹೇಬ್ರ," ಎಂದರು ಮಾಮಾ, ಕಂಬಳಿಯ ಮೇಲೆ ಕಾಲು ಚಾಚುತ್ತ.

ಆ ಹೊಲದಲ್ಲಿ ನನ್ನ ಫೋನಿಗೆ ಸಂಪರ್ಕ ಸಿಗಬೇಕಾದರೆ ಬಾವಿಯ ದಂಡೆಯ ಮೇಲೆ ಹತ್ತಿ ನಿಲ್ಲಬೇಕು. ಹತ್ತಿ ನಿಂತೆ. ನಾಲ್ಕು ಜನರ ಪ್ರಯಾಣ ರದ್ದು ಮಾಡುವುದು ಖಚಿತವೇ ಎಂದು ಫೋನು ಕೇಳಿತು. ಕೆಳಗೆ ಗಿಡದ ಬುಡದಲ್ಲಿ ಅಕ್ಕ ಮೊಣಕಾಲಿನ ಮೇಲೆ ಕೈಯೂರಿ ಮಣ್ಣಿನ ಮೇಲಿನ ಕಾವೇರಿಯ ಕಡೆಗೆ ಬಗ್ಗಿದ್ದಳು. ಶಿಷ್ಯ ಕೋಟೆ ಬರೆಯುತ್ತಿದ್ದ.

"ಅರೆ, ಉತ್ತರ ದಿಕ್ಕು ಯಾವ ಕಡಿ ತೋರಸ್ಬೇಕು ಅಂತ ಕಲಸಿದ್ದೆ ನಾ?"

"ಮ್ಯಾಲರಿ ಅಕ್ಕೋರ."

"ಮತ್ತ? ಅಳಸು. ಮದಲಿಂದ ಬರಿ."

ಅವನು ಅಳಿಸಿದ. ನಾನು ಹೌದು ಎಂದು ಒತ್ತಿದೆ.